ತಪ್ಪು ಮಾಡಿದವರು ಊರಿನೆದುರು ಕೂರಲಿ

ಪರಿಸರ ಅಪರಾಧಗಳಿಗೆ ಪುನಃಸ್ಥಾಪನಾ ನ್ಯಾಯ ಬೇಕು, ಅಂದರೆ ತಪ್ಪು ಮಾಡಿದವರು ನೊಂದವರ ಎದುರು ಕೂತು ಹಾನಿ ಸರಿಪಡಿಸುವ ದಾರಿಯನ್ನು ಒಪ್ಪಿಕೊಳ್ಳಬೇಕು ಎಂದ ಕೂಡಲೇ ಏಳುವ ಮೊದಲ ಆಕ್ಷೇಪ: ‘ಇದು ಲೂಟಿಕೋರರಿಂದ ಕ್ಷಮೆ ಕೇಳಿಸಿ ಬಿಟ್ಟುಬಿಡುವ ಉಪಾಯ.’ ಖಂಡಿತ ಅಲ್ಲ. ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಬಳಿ ಮೂಲನಿವಾಸಿಗಳ ಪರಂಪರೆಯ ಕುರುಹುಗಳನ್ನು ಹಾಳುಗೆಡವಿದ ಗಣಿ ಕಂಪನಿಯೊಂದರ ನಿರ್ದೇಶಕ, ತಪ್ಪೊಪ್ಪಿಕೊಂಡ ಮೇಲೆ ಆ ಸಮುದಾಯದವರ ಎದುರು ಕೂತು ಕ್ಷಮೆ ಕೇಳಿದ. 2007ರಲ್ಲಿ ನ್ಯೂ ಸೌತ್ ವೇಲ್ಸ್‌ನ ಪರಿಸರ ನ್ಯಾಯಾಲಯ ಅವನಿಗೆ ದಂಡವನ್ನೂ ಹಾಕಿತು.

‘ಜೈಲಿನ ಭಯವೇ ಮದ್ದು’ ಎನ್ನುವವರು ಕಾಯ್ದೆಯನ್ನು ಮತ್ತೊಮ್ಮೆ ಓದಲಿ. ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಗೆ ಈಗ 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡವಷ್ಟೇ; ಅದನ್ನು ಕಟ್ಟದಿದ್ದರೆ ಮಾತ್ರ ಜೈಲು. 2023ರ ಜನ ವಿಶ್ವಾಸ ತಿದ್ದುಪಡಿ ಮಾಡಿದ ಕೆಲಸವಿದು.

ದಂಡ ಸಾಕೆ? ಉದಯಪುರ ಬಳಿಯ ಬಿಛ್ರಿಯಲ್ಲಿ ಬಾವಿಗಳನ್ನು ಕೆಡಿಸಿದ ರಾಸಾಯನಿಕ ಕಾರ್ಖಾನೆಗಳೇ ಶುದ್ಧೀಕರಣದ ಖರ್ಚು ಕೊಡಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. 2011ರಲ್ಲೂ ಅದೇ ಕೋರ್ಟು ಅದೇ ಹಣಕ್ಕಾಗಿ ಗದರಬೇಕಾಯಿತು.

ನಮ್ಮ ಬಳ್ಳಾರಿ, ಚಿತ್ರದುರ್ಗ, ತುಮಕೂರಿನಲ್ಲಿ ಹಣ ಬಂತು. ಅಕ್ರಮವಾಗಿ ತೋಡಿದ ಗಣಿ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಮಣ್ಣು ಸುರಿದ ಜಾಗಕ್ಕೆ 1 ಕೋಟಿ, ಅದಿರು ಮಾರಾಟದಲ್ಲೂ ಪಾಲು: ಸುಪ್ರೀಂ ಕೋರ್ಟಿನ 2013ರ ತೀರ್ಪು ಕಟ್ಟುನಿಟ್ಟಾಗಿತ್ತು. ಆದರೂ ಸಾವಿರಾರು ಕೋಟಿ ವರ್ಷಗಟ್ಟಲೆ ಖರ್ಚಾಗದೆ ಬಿದ್ದಿತ್ತು. ಆ ಹಣದಿಂದ ನಡೆಯಬೇಕಾದ ಪುನಶ್ಚೇತನ ಕೆಲಸದ ಉಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರನ್ನು ಕೋರ್ಟು ನೇಮಿಸಿದ್ದು 2022ರಲ್ಲಿ. ಕೆಂಪು ದೂಳು ಕುಡಿದ ಸಂಡೂರಿನ ರೈತರು ಈ ಲೆಕ್ಕಾಚಾರದಲ್ಲಿ ಎಲ್ಲಿದ್ದರು? ಯಾವ ಕೆರೆಯ ಹೂಳು ಮೊದಲು ತೆಗೆಯಬೇಕೆಂಬುದು ಅವರಿಗೆ ಗೊತ್ತು, ಬೆಂಗಳೂರಿನ ಕಡತಕ್ಕಲ್ಲ.

ಇನ್ನೊಂದು ಆಕ್ಷೇಪವಿದೆ, ಅದನ್ನು ನಾನು ಗೌರವಿಸುತ್ತೇನೆ: ‘ಗಣಿಯಲ್ಲೇ ಕೂಲಿ, ಗಣಿ ನಂಬಿಯೇ ಲಾರಿ ಸಾಲ, ಅಂಥ ಊರಿನವರು ಧಣಿಯ ಎದುರು ಬಾಯಿ ಬಿಡುತ್ತಾರೆಯೇ?’ ಈ ಹೆದರಿಕೆ ನಿಜ. ಹಾಗೆಂದೇ ಮಾತುಕತೆ ಕಂಪನಿಯ ಅತಿಥಿಗೃಹದಲ್ಲಿ ನಡೆಯಕೂಡದು. ಕೋರ್ಟು ನೇಮಿಸಿದ ಮಧ್ಯಸ್ಥರಿರಬೇಕು, ಊರಿನವರ ಪರ ಉಚಿತ ವಕೀಲರಿರಬೇಕು, ಒಪ್ಪಂದ ಗ್ರಾಮಸಭೆಯಲ್ಲಿ ಓದಿದ ಮೇಲಷ್ಟೇ ಸಹಿಯಾಗಬೇಕು. ಇಷ್ಟು ಇಲ್ಲದಿದ್ದರೆ ನಾನೂ ಇದನ್ನು ವಿರೋಧಿಸುತ್ತೇನೆ. ಈಗಿನ ವ್ಯವಸ್ಥೆಯಲ್ಲಾದರೋ ಆ ಕೂಲಿಯವನನ್ನು ಕೇಳುವವರೇ ಇಲ್ಲ.

ಕಾಡು ಮಾತಾಡುವುದಿಲ್ಲ, ಅದರ ಪರ ಯಾರು ಎಂದೂ ಕೇಳುತ್ತಾರೆ. ಅಲ್ಲೇ ದನ ಮೇಯಿಸಿದವರು, ಆ ಹಳ್ಳದ ನೀರು ಕುಡಿದವರು ಇದ್ದಾರೆ.

ಆ ಮೂರು ಜಿಲ್ಲೆಗಳ ಓದುಗರಲ್ಲಿ ಒಂದು ಕೋರಿಕೆ: ನಿಮ್ಮ ಊರಿಗೆಂದು ಮಾಡಿದ ಪುನಶ್ಚೇತನ ಯೋಜನೆಯ ಪ್ರತಿಯನ್ನು ಮುಂದಿನ ಗ್ರಾಮಸಭೆಯಲ್ಲೇ ಕೇಳಿ ಪಡೆಯಿರಿ.