ಫಾರ್ಮ್ಯಾಟ್ ಮಾಡುವ ಮೊದಲು ಗಡಿಯಾರ ನೋಡಿ

ಮಕ್ಕಳೇ, ನಿಮ್ಮ ಶಾಲೆಯ ಕಪಾಟಿನಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದು ಮಲಗಿದೆಯೇ? ಗುಂಡಿ ಒತ್ತಿದರೆ ಕಂಪನಿಯ ಹೆಸರು ತೋರಿಸಿ, ನೀಲಿ ಪರದೆಯನ್ನು ಒಂದು ಕ್ಷಣ ಮಿಂಚಿಸಿ, ಮತ್ತೆ ಮೊದಲಿನಿಂದ ಶುರುಮಾಡುತ್ತದೆಯೇ? "ಅದು ಹೋಯಿತು, ಗುಜರಿಗೆ ಹಾಕಿ" ಎಂದು ಒಬ್ಬರು, "ಫಾರ್ಮ್ಯಾಟ್ ಮಾಡಿದರೆ ಸರಿಯಾಗುತ್ತದೆ" ಎಂದು ಇನ್ನೊಬ್ಬರು ಹೇಳಿರಬಹುದು. ಈ ಎರಡೂ ಮಾತುಗಳನ್ನು ನಾನು ಒಪ್ಪುವುದಿಲ್ಲ. ಏಕೆಂದು ಹೇಳುತ್ತೇನೆ.

ಬೆಳ್ತಂಗಡಿ ತಾಲೂಕಿನಲ್ಲಿ ಘಟ್ಟದ ತಪ್ಪಲಿನ ಒಂದು ಶಾಲೆ. ಅಲ್ಲಿನ ಮಕ್ಕಳು ಏಳು ಮಳೆಗಾಲ ದಿನವೂ ಬೆಳಿಗ್ಗೆ ಮಳೆಮಾಪಕ ನೋಡಿ ಬರೆದಿಟ್ಟ ಲೆಕ್ಕವೆಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿತ್ತು. ಮೂಲ ಪುಸ್ತಕಗಳನ್ನು ಗೆದ್ದಲು ತಿಂದಿತ್ತು. ಎರಡು ವರ್ಷ ಕಪಾಟಿನಲ್ಲಿದ್ದ ಆ ಯಂತ್ರ ಈಗ ನೀಲಿ ಪರದೆ ತೋರಿಸುತ್ತಿತ್ತು. ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನಲ್ಲಿ ಯಾವ ಕಡತ ಎಲ್ಲಿದೆ ಎಂಬ ಪಟ್ಟಿಯೇ ಅಳಿಸಿಹೋಗುತ್ತದೆ. ಅಂದರೆ ಏಳು ಮಳೆಗಾಲವೂ ಹೋದಂತೆಯೇ!

ಲ್ಯಾಪ್‌ಟಾಪ್ ಶುರುವಾಗುವುದು ರಿಲೇ ಓಟದ ಹಾಗೆ. ಮೊದಲು ಓಡುವುದು ಬಯಾಸ್ ಎಂಬ ಪುಟ್ಟ ತಂತ್ರಾಂಶ. ಅದು ಮೆಮೊರಿ, ಕೀಲಿಮಣೆ, ಡಿಸ್ಕ್ ಇವೆಯೇ ಎಂದು ಪರೀಕ್ಷಿಸುತ್ತದೆ. ಆಮೇಲೆ ಡಿಸ್ಕಿನ ಮೊದಲ ತುಣುಕನ್ನು ಓದಿ (ಹಳೆಯ ಯಂತ್ರಗಳಲ್ಲಿ ಇದು ಬರೇ 512 ಬೈಟ್) ಕೋಲನ್ನು ವಿಂಡೋಸ್ ಕೈಗೆ ಕೊಡುತ್ತದೆ. ಓಟ ಎಲ್ಲಿ ನಿಂತಿತು ಎಂದು ನೋಡಿದರೆ ಕೋಲು ಎಲ್ಲಿ ಜಾರಿತು ಎಂದು ಊಹಿಸಬಹುದು. ದೀಪವೇ ಹತ್ತದಿದ್ದರೆ ಚಾರ್ಜರ್ ಕಡೆ ನೋಡಬೇಕು. ಚಿತ್ರ ಬಾರದೆ ಬೀಪ್ ಬೀಪ್ ಎಂದರೆ ಮೆಮೊರಿಯ ಮೇಲೆ ಸಂಶಯ. ಹತ್ತು ನಿಮಿಷ ಓಡಿ ಆರಿಹೋದರೆ ಫ್ಯಾನಿನಲ್ಲಿ ಧೂಳು ತುಂಬಿ ಬಿಸಿಯಾಗಿರಬಹುದು. ನಮ್ಮದು ಬಯಾಸ್ ದಾಟಿ, ವಿಂಡೋಸ್ ಶುರುವಾಗುವಲ್ಲಿಯೇ ಬೀಳುತ್ತಿತ್ತು.

ನಾವು ಡಿಸ್ಕನ್ನು ಮುಟ್ಟಲಿಲ್ಲ. ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್ ಹಾಕಿ ಶುರುಮಾಡಿದೆವು. ಯಂತ್ರ ಸಲೀಸಾಗಿ ಓಡಿತು! ಮೆಮೊರಿ, ಪರದೆ, ಪ್ರೊಸೆಸರ್ ಹಾಳಾಗಿಲ್ಲ ಎಂದು ಇದರಿಂದ ತಿಳಿಯಿತಲ್ಲವೇ? ಡಿಸ್ಕಿನೊಳಗಿನ ಮಳೆ ಲೆಕ್ಕವೂ ಕಾಣಿಸಿತು. ಅದನ್ನು ಬೇರೆ ಎರಡು ಪೆನ್‌ಡ್ರೈವ್‌ಗಳಿಗೆ ಇಳಿಸಿಕೊಂಡ ಮೇಲೆಯೇ ಮುಂದಿನ ಕೆಲಸ. ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥದ ತಾಳೆಗರಿಗಳನ್ನು ಶತಮಾನಗಳ ಕಾಲ ಜೋಪಾನವಾಗಿ ಕಾದಿಟ್ಟರು. ಅಂಥ ಗರಿಗಳಿಗೂ ಪ್ರತಿ ಮಾಡಿಸಿದರು. ಇನ್ನು ನಮ್ಮ ಲ್ಯಾಪ್‌ಟಾಪ್ ಯಾವ ಲೆಕ್ಕ!

ಆಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಪರದೆಯ ಮೂಲೆಯತ್ತ ಬೆರಳು ತೋರಿಸಿ, "ಸಾರ್, ಇದರಲ್ಲಿ 2009 ಜನವರಿ 1 ಅಂತ ಉಂಟು" ಎಂದಳು. ನಾನು ಅದನ್ನು ನೋಡಿಯೇ ಇರಲಿಲ್ಲ.

ಲ್ಯಾಪ್‌ಟಾಪಿನೊಳಗೆ ಬಿಲ್ಲೆಯಂಥ ಪುಟ್ಟ ಸೆಲ್ ಇರುತ್ತದೆ. ಸಾಮಾನ್ಯವಾಗಿ ಸಿಆರ್ 2032. ಆ ಹೆಸರಿನಲ್ಲಿಯೇ ಅದರ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಕೊಡುವುದು 3 ವೋಲ್ಟ್. ಯಂತ್ರ ಆರಿರುವಾಗಲೂ ಗಡಿಯಾರ ನಡೆಸುವುದು, ಬಯಾಸಿನ ಆಯ್ಕೆಗಳನ್ನು ನೆನಪಿಡುವುದು ಈ ಸೆಲ್‌ನಿಂದ. ಸೆಲ್ ಬರಿದಾದಾಗ ನಮ್ಮ ಬಯಾಸ್ ದಿನಾಂಕವನ್ನಷ್ಟೇ ಅಲ್ಲ, ಡಿಸ್ಕಿನೊಡನೆ ಮಾತಾಡುವ ವಿಧಾನವನ್ನೂ ಮರೆತಿತ್ತು. ಎ.ಎಚ್.ಸಿ.ಐ. ಎಂಬ ವಿಧಾನ ಬಿಟ್ಟು ಐ.ಡಿ.ಇ. ಎಂಬ ಹಳೆಯದಕ್ಕೆ ಮರಳಿತ್ತು. ಅದರಲ್ಲಿದ್ದ ವಿಂಡೋಸ್ 7ಕ್ಕೆ ಗೊತ್ತಿದ್ದುದು ಮೊದಲಿನದು ಮಾತ್ರ. ತುಳು ಮಾತ್ರ ಬಲ್ಲ ಅಜ್ಜಿಯೊಡನೆ ಯಾರೋ ಏಕಾಏಕಿ ಬಂಗಾಳಿಯಲ್ಲಿ ಮಾತಾಡಿದಂತೆ! ಡಿಸ್ಕ್ ಎದುರಿಗಿದ್ದರೂ ಸಿಗಲಿಲ್ಲ. ಎಫ್8 ಕೀಲಿ ಒತ್ತಿ, ತಾನಾಗಿ ಮರುಶುರುವಾಗುವುದನ್ನು ತಡೆದಾಗ ನೀಲಿ ಪರದೆ ನಿಂತಿತು. ಅದರಲ್ಲಿದ್ದ 7ಬಿ ಎಂಬ ಸಂಕೇತದ ಅರ್ಥವೂ ಅದೇ: ಶುರುಮಾಡುವ ಡಿಸ್ಕ್ ಸಿಗುತ್ತಿಲ್ಲ.

ಬಯಾಸಿನಲ್ಲಿ ಆ ಒಂದು ಆಯ್ಕೆಯನ್ನು ಬದಲಾಯಿಸಿದೆವು. ವಿಂಡೋಸ್ ಬಂತು. ಆದರೆ ಕಾರಣ ಸೆಲ್ಲೇ ಎಂದು ಹೇಗೆ ನಂಬುವುದು? ರಾತ್ರಿಯಿಡೀ ಚಾರ್ಜರ್ ಕಿತ್ತಿಟ್ಟೆವು. ಬೆಳಿಗ್ಗೆ ಮತ್ತೆ 2009, ಮತ್ತೆ ನೀಲಿ ಪರದೆ! ಹೊಸ ಸೆಲ್ ಹಾಕಿ, ಆಯ್ಕೆ ಸರಿಪಡಿಸಿ, ಇನ್ನೊಂದು ರಾತ್ರಿ ಕಾದೆವು. ಈ ಸಲ ದಿನಾಂಕ ಸರಿಯಾಗಿತ್ತು, ವಿಂಡೋಸೂ ಬಂತು.

ಬಂಟ್ವಾಳದ ಒಂದು ಶಾಲೆಯಲ್ಲಿ ನಾನು ಇಷ್ಟು ತಾಳ್ಮೆ ತೋರಿಸಿರಲಿಲ್ಲ. ಅಲ್ಲಿ ಒಂದೇ ಮಧ್ಯಾಹ್ನ ಮೆಮೊರಿ ಕಿತ್ತು ಒರೆಸಿದೆ, ಚಾರ್ಜರ್ ಬದಲಿಸಿದೆ, ವಿಂಡೋಸನ್ನೂ ಹೊಸದಾಗಿ ಹಾಕಿದೆ. ಯಂತ್ರ ಓಡಿತು. ತಿಂಗಳ ಮೇಲೆ ಮತ್ತೆ ಕೆಟ್ಟಿತು. ಮೂರರಲ್ಲಿ ಯಾವುದು ಅದನ್ನು ಓಡಿಸಿತ್ತು ಎಂದು ನನಗೇ ಗೊತ್ತಿರಲಿಲ್ಲ, ಬರೆದೂ ಇಟ್ಟಿರಲಿಲ್ಲ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್‌ನಲ್ಲಿ ಮಾರ್ಕ್ 2 ಗಣಕದ ರಿಲೇಯೊಳಗೆ ಪತಂಗವೊಂದು ಸಿಕ್ಕಿಕೊಂಡಿತ್ತು. ಅಲ್ಲಿನವರು ಅದನ್ನು ತೆಗೆದು ಎಸೆಯಲಿಲ್ಲ. ದಿನಚರಿ ಪುಸ್ತಕದಲ್ಲಿ ಅಂಟಿಸಿ, ವೇಳೆಯನ್ನೂ ಬರೆದರು. ಆ ಪುಟ ಇಂದಿಗೂ ವಸ್ತುಸಂಗ್ರಹಾಲಯದಲ್ಲಿದೆ.

ಮಕ್ಕಳ ಕೈಗೆ ಇದನ್ನೆಲ್ಲ ಕೊಡಬಾರದು ಎನ್ನುವ ಶಿಕ್ಷಕರಿದ್ದಾರೆ. ಅವರ ಮಾತು ಅರ್ಧ ಸರಿ. ಚಾರ್ಜರನ್ನು ಯಾರೂ ಬಿಚ್ಚಬಾರದು, ಅದರೊಳಗೆ ಬರುವುದು 230 ವೋಲ್ಟ್. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಅದಕ್ಕೆ ಬೆಂಕಿ ಹತ್ತಬಹುದು. ಸ್ಕ್ರೂಡ್ರೈವರ್ ಶಿಕ್ಷಕರ ಕೈಯಲ್ಲಿರಲಿ. ಆದರೆ ನೋಡುವ ಕಣ್ಣು, ಬರೆಯುವ ಪೆನ್ನು ನಿಮ್ಮವೇ ಆಗಬೇಕು. 2009ನ್ನು ಕಂಡವರು ಎಂಎಸ್ಸಿ ಓದಿದ ನಾನಲ್ಲವಲ್ಲ!

ವಿಂಡೋಸ್ 7ಕ್ಕೆ ಸುರಕ್ಷತಾ ತಿದ್ದುಪಡಿ ಬರುವುದು 2020ರ ಜನವರಿಯಲ್ಲೇ ನಿಂತಿದೆ. ಆದ್ದರಿಂದ ಆ ಲ್ಯಾಪ್‌ಟಾಪಿಗೆ ಅಂತರಜಾಲ ಕೊಟ್ಟಿಲ್ಲ, ಮಳೆ ಲೆಕ್ಕಕ್ಕಷ್ಟೇ ಅದು. ಅದರ ಪಕ್ಕದಲ್ಲಿ ದಾರ ಕಟ್ಟಿದ ನೂರು ಪುಟದ ಪುಸ್ತಕವೊಂದನ್ನು ನೇತುಹಾಕಿದ್ದಾರೆ. ಮೊದಲ ಸಾಲು ಆ ಹುಡುಗಿಯ ಕೈಬರಹದಲ್ಲಿದೆ: "ದಿನಾಂಕ ತಪ್ಪು ತೋರಿಸುತ್ತಿದೆ."