ಮಾತ್ರೆ ಮುಗಿದ ಮೇಲೂ ಉಳಿಯುವ ಆಸೆ

ಬೀಡಿ, ಸಿಗರೇಟು ಬಿಟ್ಟವರಿಗೆ ನಮ್ಮ ಕಡೆ ಎರಡು ಪ್ರಶ್ನೆ ಕಾದಿರುತ್ತವೆ. ಮೊದಲ ತಿಂಗಳು, "ಬಿಟ್ಟಿರಂತೆ, ಹೌದಾ?" ನಾಲ್ಕನೇ ತಿಂಗಳಲ್ಲಿ ಅವರೇ ಬಾಯಿಬಿಟ್ಟು "ಈಗಲೂ ಒಮ್ಮೊಮ್ಮೆ ಬೇಕು ಅನಿಸ್ತದೆ ಮಾರಾಯ್ರೆ" ಎಂದರೆ, "ಅಷ್ಟು ಮಾತ್ರೆ ತಿಂದೂ ಆಸೆ ಹೋಗ್ಲಿಲ್ವಾ?" ಈ ಎರಡನೆಯ ಪ್ರಶ್ನೆಯೇ ಹಲವರನ್ನು ಮತ್ತೆ ಗೂಡಂಗಡಿಗೆ ಕಳಿಸುತ್ತದೆ ಎಂಬುದು ನಮ್ಮ ಅನಿಸಿಕೆ. ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳ ಸ್ಟಾಫ್ ರೂಮಿನಲ್ಲೂ, ರಕ್ಷಕರ ಸಭೆ ಮುಗಿದ ಮೇಲೆ ಅಂಗಳದಲ್ಲೂ ಈ ಮಾತು ಕೇಳುತ್ತಲೇ ಇರುತ್ತೇವೆ.

ವರೆನಿಕ್ಲಿನ್ ಮಾತ್ರೆ ಮೆದುಳಿನಲ್ಲಿ ನಿಕೋಟಿನ್ ಕೂರುವ ಜಾಗದಲ್ಲೇ ತಾನು ಕೂರುತ್ತದೆ. ಅರೆತೃಪ್ತಿ ಕೊಟ್ಟು ಚಡಪಡಿಕೆ ತಗ್ಗಿಸುತ್ತದೆ, ನಡುವೆ ಸೇದಿದರೂ ಹಿಂದಿನ ಸುಖ ಸಿಗದಂತೆ ಮಾಡುತ್ತದೆ. ಸಾಮಾನ್ಯವಾಗಿ 12 ವಾರ. ನಿಕೋಟಿನ್ ಗಮ್ ಹೊಗೆಯಿಲ್ಲದೆ ಸ್ವಲ್ಪ ನಿಕೋಟಿನ್ ಕೊಡುತ್ತದೆ. (ಇದನ್ನು ಎಲೆಯಡಿಕೆ ಜಗಿದಂತೆ ಜಗಿದು ರಸ ನುಂಗುವವರು ನಮ್ಮಲ್ಲಿ ಬಹಳ. ಬಿಕ್ಕಳಿಕೆ, ಎದೆಯುರಿ ಬಂದು "ಇದು ನಮಗಾಗದು" ಎಂದು ಬಿಸಾಡುತ್ತಾರೆ. ನಾಲಿಗೆ ಚುರುಗುಟ್ಟುವಷ್ಟು ಜಗಿದು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಹಿಂದಿನ ಕಾಲು ಗಂಟೆ ಕಾಫಿ ಕುಡಿಯಬಾರದು.)

ಸಿಟ್ಟು, ನಿದ್ದೆಗೇಡು, ಕೈ ನಡುಗುವಂಥ ಚಡಪಡಿಕೆ ಮೊದಲ ವಾರ ಜೋರು. ಎರಡರಿಂದ ನಾಲ್ಕು ವಾರದಲ್ಲಿ ಹೆಚ್ಚಿನವರಿಗೆ ಇಳಿಯುತ್ತದೆ. ಆಮೇಲೆ ಬರುವುದು ಬೇರೆಯೇ ಆಸೆ. ಇಂಟರ್‌ವಲ್ ಬೆಲ್ಲು, ಚಹಾದ ಲೋಟ, ಬಸ್ಸಿಗೆ ಕಾಯುವ ಹತ್ತು ನಿಮಿಷ, ಯಕ್ಷಗಾನದ ಬಯಲಿನಲ್ಲಿ ನಡುರಾತ್ರಿ ಕಳೆದ ಹೊತ್ತು, ಇವು ಅದನ್ನು ಎಬ್ಬಿಸುತ್ತವೆ. ಬೀಡಿ ಕಟ್ಟುವ ಮನೆಯಾದರಂತೂ ಕೇಳಬೇಡಿ. ಹೆಂಡತಿಯ ಮಡಿಲ ಗೆರಸೆಯಲ್ಲೇ ಹೊಗೆಸೊಪ್ಪು, ಆ ದುಡ್ಡಿನಲ್ಲೇ ಮಕ್ಕಳ ಪುಸ್ತಕ. ಆ ಮನೆಯ ಗಂಡಸಿಗೆ "ವಾಸನೆಯಿಂದ ದೂರ ಇರಿ" ಎಂದು ಹೇಳುವುದಾದರೂ ಹೇಗೆ?

ಲೆಕ್ಕದ ಮಾಸ್ಟ್ರ ಹಾಗೆ ನೋಡೋಣ. ದಿನಕ್ಕೆ ಹತ್ತರಂತೆ 20 ವರ್ಷ ಸೇದಿದವರು 73,000 ಸಲ ಕಡ್ಡಿ ಗೀರಿದ್ದಾರೆ. ಮಾತ್ರೆ 84 ದಿನದ್ದು. ಅಷ್ಟರಲ್ಲಿ ಎಲ್ಲ ನೆನಪೂ ಅಳಿಸಿಹೋಗದಿದ್ದರೆ ಅದು ಮಾತ್ರೆಯ ಸೋಲೂ ಅಲ್ಲ, ಮನುಷ್ಯನ ಸೋಲೂ ಅಲ್ಲ. ಇಂಥ ಆಸೆ ಬಂದರೂ ಕೆಲವೇ ನಿಮಿಷದ್ದು. ದಿನ ಕಳೆದಂತೆ ಬರುವುದೂ ಕಡಿಮೆಯಾಗುತ್ತದೆ, ಕೆಲವರಿಗೆ ವರ್ಷ ಕಳೆದ ಮೇಲೂ ಅಪರೂಪಕ್ಕೆ ಬಂದು ಹೋಗುತ್ತದೆ. ತೀರಾ ಕಾಡಿದರೆ ಡಾಕ್ಟರರನ್ನು ಮತ್ತೆ ಕಾಣಬೇಕು. ಬಿಟ್ಟವರಿಗೆ ಇನ್ನೂ 12 ವಾರ ಮಾತ್ರೆ ಮುಂದುವರಿಸುವ ಕ್ರಮವೂ ಇದೆ.

ಆದರೆ ಡಾಕ್ಟರರ ಹತ್ತಿರ ಹೇಳುವುದು ಯಾವ ಭಾಷೆಯಲ್ಲಿ? ಗಡಿಯಾಚೆಯ ಕನ್ನಡಿಗರಾದ ನಮಗೆ ಇದು ಸಣ್ಣ ಸಂಗತಿಯಲ್ಲ. ಹೊಟ್ಟೆನೋವಾದರೆ ಅರ್ಧ ಮಲಯಾಳದಲ್ಲಿ ಹೇಳಿ, ಉಳಿದದ್ದನ್ನು ಕೈಯಲ್ಲಿ ತೋರಿಸಬಹುದು. ಆಸೆಯನ್ನು ಎಲ್ಲಿ ಅಂತ ತೋರಿಸುವುದು? "ಎಲ್ಲ ಸರಿ ಇದೆ" ಎಂದು ಎದ್ದು ಬರುತ್ತಾರೆ. ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗುವ 1800-11-2356 ಉಚಿತ ಸಂಖ್ಯೆ, 2016ರಲ್ಲಿ ಆರಂಭವಾದ ರಾಷ್ಟ್ರೀಯ ಕ್ವಿಟ್‌ಲೈನಿನದು. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಇದನ್ನು ಶಾಲೆಯ ನೋಟೀಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆದು ಹಾಕಲು ಯಾರ ಅಪ್ಪಣೆಯೂ ಬೇಡ.

ಇನ್ನು ಮಕ್ಕಳ ವಿಷಯ. ತಂಬಾಕು ವಿರೋಧಿ ದಿನ ಮೇ 31, ಕೇರಳದಲ್ಲಿ ಶಾಲೆ ತೆರೆಯುವುದು ಜೂನ್ ಆರಂಭದಲ್ಲಿ. ಹಾಗಾಗಿ ಪ್ರತಿಜ್ಞೆ, ಪೋಸ್ಟರು ಏನಿದ್ದರೂ ನಮ್ಮಲ್ಲಿ ಸ್ವಲ್ಪ ತಡವಾಗಿಯೇ. ಪೋಸ್ಟರಿನಲ್ಲಿ ಯಾವಾಗಲೂ ಕಪ್ಪಾದ ಶ್ವಾಸಕೋಶ, ತಲೆಬುರುಡೆ. ಅಪ್ಪ ಬೀಡಿ ಬಿಟ್ಟಿದ್ದಾರೆಂದು ತರಗತಿಯಲ್ಲಿ ಎದ್ದುನಿಂತು ಹೇಳಿದ ಹುಡುಗನಿಗೆ, ಆರು ತಿಂಗಳ ಮೇಲೆ ಮದುವೆಮನೆಯ ಹಿಂದೆ ಅಪ್ಪ ಒಂದು ದಮ್ ಎಳೆದದ್ದು ಕಂಡರೆ ಏನಾಗಬೇಡ? ಒಂದು ದಿನ ಎಳೆದವರು ಮರುದಿನ ಮತ್ತೆ ಬಿಡಬಹುದು, ಅದುವರೆಗಿನ ಆರು ತಿಂಗಳು ನೀರಿನಲ್ಲಿ ಹೋಮವಲ್ಲ ಎಂಬುದು ನಮ್ಮ ಪಾಠದಲ್ಲಿ ಎಲ್ಲಿದೆ? ಈ ಸಲದ ಪೋಸ್ಟರಿನಲ್ಲಿ ತಲೆಬುರುಡೆಯ ಪಕ್ಕ ಅದಕ್ಕೂ ಒಂದು ಸಾಲಿನ ಜಾಗ ಬಿಡಿಸೋಣ.