ಗಣಿ ಮುಚ್ಚಿತು, ಲೆಕ್ಕ ಮುಗಿಯಲಿಲ್ಲ

ನಾವು ಮನೆಯಲ್ಲಿ ಪಾದರಸಕ್ಕೆ 'ಪಾರಾ' ಎನ್ನುತ್ತೇವೆ. ಜಗತ್ತಿನಲ್ಲೇ ಅತಿ ಹೆಚ್ಚು ಪಾದರಸ ಕೊಟ್ಟ ಗಣಿ ಇದ್ದದ್ದು ಸ್ಪೇನಿನ ಅಲ್ಮಾದೆನ್ ಊರಿನಲ್ಲಿ. ಆ ಹೆಸರು ಬಂದಿರುವುದು 'ಗಣಿ' ಎಂಬರ್ಥದ ಅರಬಿ ಪದದಿಂದ. ಗಣಿಯನ್ನು ಈಗ ಮುಚ್ಚಿದ್ದಾರೆ, ಆದರೆ ಕೈಬಿಟ್ಟಿಲ್ಲ. 2012ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜನ ಸುರಂಗಕ್ಕೆ ಇಳಿದು ನೋಡಿ ಬರುತ್ತಾರೆ.

ನಮ್ಮ ಕರ್ನಾಟಕದಲ್ಲಿ ಪಾದರಸದ ಗಣಿ ಇಲ್ಲ. ಅದಕ್ಕೆ ಕಾರಣ ನಮ್ಮ ಕಾಲಡಿಯಲ್ಲೇ ಇದೆ. ಪಾದರಸದ ಅದಿರಾದ ಇಂಗಳೀಕ ಹೆಚ್ಚಾಗಿ ಸಿಗುವುದು ನೆಲದ ಮೇಲ್ಪದರದಲ್ಲಿ, ಭೂಗರ್ಭದ ಬಿಸಿನೀರು ಬಿರುಕುಗಳಲ್ಲಿ ಏರಿ ತಣಿದ ಕಡೆ. ಮೂಡಲಪಾಳ್ಯದ ಬೋರ್‌ವೆಲ್‌ಗಳು ಕೊರೆಯುವ ನೈಸ್ ಶಿಲೆಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಅದರ ಮೇಲಿದ್ದ ಪದರಗಳು ಎಂದೋ ಸವೆದುಹೋಗಿವೆ.

ಆದರೆ ಪಾದರಸ ಬಳಸಿದ ಗಣಿ ನಮ್ಮಲ್ಲಿತ್ತು. ಅದು ಕೆಜಿಎಫ್. ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಹರಿದ ಲಾವಾ ಮುಂದೆ ಶಿಸ್ಟ್ ಶಿಲೆಯಾಯಿತು. ಅದರೊಳಗಿನ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನ ಸೇರಿತು. 1880ರಿಂದ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿ ನಡೆಸಿತು. ಪುಡಿ ಮಾಡಿದ ಅದಿರನ್ನು ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸಿ ಚಿನ್ನ ಹಿಡಿಯುತ್ತಿದ್ದರು. ಉಳಿದದ್ದಕ್ಕೆ ಸೈನೈಡ್ ಹಾಕುತ್ತಿದ್ದರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಈ ಗಣಿಯನ್ನು 2001ರ ಫೆಬ್ರವರಿ 28ರಂದು ಮುಚ್ಚಲಾಯಿತು.

ಚಿನ್ನ ಹೋಯಿತು, ಪುಡಿ ಉಳಿಯಿತು. ಊರಿನ ಸುತ್ತ 13 ಸೈನೈಡ್ ದಿಬ್ಬಗಳಿವೆ. ಅವುಗಳಲ್ಲಿ ಸುಮಾರು 3.3 ಕೋಟಿ ಟನ್ ತ್ಯಾಜ್ಯವಿದೆ. ಗಾಳಿ ಬೀಸಿದರೆ ಅದರ ದೂಳು ಮನೆಯೊಳಗೆ ಬರುತ್ತದೆ. ಕೆಲಸವಿಲ್ಲದ ಊರಿನಿಂದ ಸಾವಿರಾರು ಜನ ದಿನಾ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ.

ಈ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅಲ್ಲಿಯವರಿಗೆ ಕೆಲಸ ಸಿಗುತ್ತದೆ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಹಸಿದ ಊರಿಗೆ ಕೆಲಸ ಬೇಕೇ ಬೇಕು. ಆದರೆ ದಿಬ್ಬ ಅಗೆದರೆ ದೂಳು ಇನ್ನೂ ಹೆಚ್ಚು ಏಳುತ್ತದೆ. ಹಾಗಾಗಿ ಮೊದಲು ದೂಳು ತಡೆಯುವ ವ್ಯವಸ್ಥೆ ಆಗಬೇಕು. ಸುತ್ತಲಿನ ಬಾವಿ, ಬೋರ್‌ವೆಲ್‌ಗಳ ನೀರಿನ ಪರೀಕ್ಷೆ ಆಗಬೇಕು. ಅದರ ಫಲಿತಾಂಶವನ್ನು ಜನ ಓದಬಲ್ಲ ಕನ್ನಡ, ತಮಿಳಿನಲ್ಲಿ ಊರಲ್ಲೇ ಹಾಕಬೇಕು. ಚಿನ್ನದ ಮಾತು ಆಮೇಲೆ. ಅಲ್ಮಾದೆನ್‌ನಂತೆ ಒಂದು ಶಾಫ್ಟನ್ನಾದರೂ ಕಲಿಯುವವರಿಗಾಗಿ ಉಳಿಸಲಿ.

ಇದೆಲ್ಲ ನಮಗೇಕೆ ಎಂದು ಗೆಳೆಯರು ಕೇಳಬಹುದು. ಆಕ್ಸಿಡೇಷನ್, ಅಮಾಲ್ಗಮ್, ಸೈನೈಡ್ ಎಲ್ಲವನ್ನೂ ನಾವು ಅಂಕಕ್ಕಾಗಿ ಬರೆಯುತ್ತೇವೆ. ಅದೇ ಪಾಠ ನೂರು ಕಿಲೋಮೀಟರ್ ದೂರದಲ್ಲಿ ದಿಬ್ಬವಾಗಿ ನಿಂತಿದೆ. ಪ್ರಾಂಶುಪಾಲರಲ್ಲೂ ಉಪನ್ಯಾಸಕರಲ್ಲೂ ನನ್ನ ವಿನಂತಿ ಇಷ್ಟೇ: ಈ ವರ್ಷದ ಪ್ರವಾಸ ವಾಟರ್ ಪಾರ್ಕಿಗೆ ಬೇಡ, ಕೆಜಿಎಫ್‌ಗೆ ಇರಲಿ.